ಎರವಲು ಪ್ಯಾಡಲ್‌ಗಳು

ಮಂಗಳೂರಿನ ಕ್ಲಬ್ಬೊಂದರಲ್ಲಿ ನಾನು ಟೆನಿಸ್ ಕಲಿತ ಕಥೆಯನ್ನು ಮಗಳು ಎಷ್ಟೋ ಸಲ ಕೇಳಿದ್ದಾಳೆ. ಕಳೆದ ವಾರ ಮಾತ್ರ ಆ ಕಥೆಯ ನಡುವೆ ತಡೆದು, "ಚೆಂಡು ಹೆಕ್ಕಿ ಕೊಡುತ್ತಿದ್ದ ಹುಡುಗರು ಯಾವಾಗ ಆಡುತ್ತಿದ್ದದ್ದು ಅಪ್ಪ?" ಎಂದು ಕೇಳಿದಳು. ಆಗ ನಾವಿಬ್ಬರೂ ಸಿಯಾಟಲ್‌ನ ನಮ್ಮ ಬಡಾವಣೆಯ ಸಾರ್ವಜನಿಕ ಉದ್ಯಾನದಲ್ಲಿ, ಬಲೆಯ ಆಚೀಚೆ ನಿಂತು ತೂತುಗಳ ಪ್ಲಾಸ್ಟಿಕ್ ಚೆಂಡಿನಲ್ಲಿ ಆಡುವ ಪಿಕಲ್‌ಬಾಲ್‌ನ ಅಂಕಣದ ಬೇಲಿಗೆ ಒರಗಿ ಸರದಿಗಾಗಿ ಕಾಯುತ್ತಿದ್ದೆವು. ನನ್ನ ಕೈಯಲ್ಲಿದ್ದದ್ದು ಪಕ್ಕದ ಮನೆಯ ನಿವೃತ್ತ ಶಿಕ್ಷಕಿ ಕೊಟ್ಟ ಪ್ಯಾಡಲ್, ಅಂದರೆ ಈ ಆಟದ ಬ್ಯಾಟು.

ಬಹುಕಾಲ ಟೆನಿಸ್ ಆಡಿದ ಕೈಗೆ ಪ್ಯಾಡಲ್ ಆಟಿಕೆಯಷ್ಟೇ ಹಗುರ ಎನಿಸುತ್ತದೆ. ಟೆನಿಸ್ ರಾಕೆಟ್ ಸುಮಾರು 300 ಗ್ರಾಂ ತೂಗಿದರೆ ಪ್ಯಾಡಲ್ ಹೆಚ್ಚಾಗಿ 210ರಿಂದ 240 ಗ್ರಾಂಗಳ ಒಳಗೇ ಇರುತ್ತದೆ. ಹಾಗಾಗಿ ಅಂಗಡಿಯಲ್ಲಿ ಟೆನಿಸ್‌ನವರ ಕೈ ತಾನಾಗಿಯೇ ಅತಿ ಭಾರದ, ಅತಿ ಉದ್ದದ, ಚೆಂಡನ್ನು ಸಿಡಿಸುವ ಪ್ಯಾಡಲ್‌ನತ್ತ ಹೋಗುತ್ತದೆ. ನಾನು ಏನನ್ನೂ ಕೊಳ್ಳುವ ಮೊದಲೇ ಆ ಶಿಕ್ಷಕಿ ತಮ್ಮ ಬಳಿಯಿದ್ದ ಹಳೆಯ ಪ್ಯಾಡಲ್‌ಗಳನ್ನೆಲ್ಲ ಚೀಲದಲ್ಲಿ ತುಂಬಿ ತಂದುಕೊಟ್ಟು, "ಬಲ ನಿಮ್ಮ ತೋಳಿನಲ್ಲೇ ಇದೆ, ಅದನ್ನು ತಡೆದುಕೊಳ್ಳುವ ಪ್ಯಾಡಲ್ ಯಾವುದೆಂದು ನೋಡಿ" ಎಂದರು.

ಅವರ ಮಾತಿನಲ್ಲಿ ಲೆಕ್ಕಾಚಾರವಿತ್ತು. ಈ ಆಟದ ಅಂಕಣ 44 ಅಡಿ ಉದ್ದ, 20 ಅಡಿ ಅಗಲ, ಅಂದರೆ ನಮ್ಮ ಶಟಲ್ ಕೋರ್ಟಿನಷ್ಟೇ. ಸರ್ವ್ ಕೆಳಗಿನಿಂದಲೇ ಆಗಬೇಕಾದ್ದರಿಂದ ಟೆನಿಸ್‌ನವರ ದೊಡ್ಡ ಅಸ್ತ್ರ ಮೊದಲೇ ಕೈಬಿಟ್ಟು ಹೋಗುತ್ತದೆ. ಬಲೆಯ ಎರಡೂ ಬದಿಗೆ ಏಳೇಳು ಅಡಿಯ ಕಿಚನ್ ಎಂಬ ಪಟ್ಟಿಯಿದೆ. ಅದರೊಳಗೆ ನಿಂತು, ಪುಟಿಯದ ಚೆಂಡನ್ನು ಹೊಡೆಯುವಂತಿಲ್ಲ. ಆದ್ದರಿಂದ ಆಟದ ಬಹುಭಾಗ ಆ ಗೆರೆಯ ಹಿಂದೆ ನಿಂತು ಚೆಂಡನ್ನು ಬಲೆಯ ಮೇಲಿನಿಂದ ಮೆಲ್ಲನೆ ಇಳಿಸುವುದರಲ್ಲೇ ಕಳೆಯುತ್ತದೆ. ಪ್ಯಾಡಲ್‌ಗೆ ತಂತಿಗಳಿಲ್ಲ, ಚೆಂಡು ಅದರಲ್ಲಿ ಹುದುಗಿ ನಿಲ್ಲುವುದಿಲ್ಲ. ಮೇಲೆ ಕಾರ್ಬನ್ ಫೈಬರ್ ಅಥವಾ ಫೈಬರ್‌ಗ್ಲಾಸಿನ ಹಾಳೆ, ಒಳಗೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಷಟ್ಕೋನ ಗೂಡುಗಳು. ಈ ಒಳಭಾಗ 13 ಅಥವಾ 14 ಮಿಲಿಮೀಟರ್ ದಪ್ಪವಿದ್ದರೆ ಚೆಂಡು ಚಿಮ್ಮುತ್ತದೆ, 16 ಮಿಲಿಮೀಟರ್ ಇದ್ದರೆ ಹೊಡೆತದ ರಭಸ ಸ್ವಲ್ಪ ಇಂಗಿ ಚೆಂಡು ಹೇಳಿದಲ್ಲಿ ಬೀಳುತ್ತದೆ. ಅಂಗಡಿಯ ಗೋಡೆಯೆದುರು ನಿಂತು ನೋಡಿದರೆ ಈ ವ್ಯತ್ಯಾಸ ತಿಳಿಯುವುದಿಲ್ಲ, ಬೇರೆಬೇರೆ ಪ್ಯಾಡಲ್‌ಗಳಲ್ಲಿ ಆಡಿಯೇ ತಿಳಿಯಬೇಕು. ಇಲ್ಲಿನ ಉದ್ಯಾನದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಬೇಲಿಯ ಗೂಡಿನಲ್ಲಿ ಸಾಲಾಗಿಟ್ಟ ಪ್ಯಾಡಲ್‌ಗಳೇ ಸರದಿಯನ್ನು ಹೇಳುತ್ತವೆ, ಪರಿಚಯವಿಲ್ಲದವರೂ "ಇದರಲ್ಲಿ ಒಂದು ಆಟ ಆಡಿ ನೋಡಿ" ಎಂದು ತಮ್ಮದನ್ನು ಚಾಚುತ್ತಾರೆ.

ಆಟ ಹುಟ್ಟಿದ್ದೂ ಹೀಗೆ ಕೈಗೆ ಸಿಕ್ಕಿದ್ದರಿಂದಲೇ. ಸಿಯಾಟಲ್‌ನಿಂದ ಹಡಗು ಹತ್ತಿದರೆ ಸಿಗುವ ಬೈನ್‌ಬ್ರಿಜ್ ದ್ವೀಪದಲ್ಲಿ, 1965ರ ಬೇಸಿಗೆಯಲ್ಲಿ, ಜೋಯೆಲ್ ಪ್ರಿಚರ್ಡ್ ಮತ್ತು ಬಿಲ್ ಬೆಲ್ ಬ್ಯಾಡ್ಮಿಂಟನ್ ಸಾಮಾನು ಪೂರ್ತಿ ಸಿಗದೆ ಟೇಬಲ್ ಟೆನಿಸ್ ಬ್ಯಾಟು ಮತ್ತು ತೂತುಗಳ ಪ್ಲಾಸ್ಟಿಕ್ ಚೆಂಡಿನಲ್ಲಿ ಆಡತೊಡಗಿದರು. ಗೆಳೆಯ ಬಾರ್ನಿ ಮೆಕಲಮ್ ಪ್ಲೈವುಡ್ ಕತ್ತರಿಸಿ ಪ್ಯಾಡಲ್ ಮಾಡಿದರು. 1984ರಲ್ಲಿ ಬೋಯಿಂಗ್ ಎಂಜಿನಿಯರ್ ಆರ್ಲೆನ್ ಪ್ಯಾರಂಟೊ ವಿಮಾನದ ನೆಲಹಾಸಿಗೆ ಬಳಸುವ ಷಟ್ಕೋನ ಗೂಡಿನ ಫಲಕದಿಂದ ಹಗುರ ಪ್ಯಾಡಲ್ ರೂಪಿಸಿದರು.

ನಮ್ಮ ಕ್ಲಬ್ಬಿನಲ್ಲಿ ರಾಕೆಟ್ಟನ್ನು ಹೀಗೆ ಚಾಚುವುದು ಊಹೆಗೂ ನಿಲುಕದ್ದಾಗಿತ್ತು. ನನ್ನ ರಾಕೆಟ್ ದುಬೈಯಿಂದ ಮಾವ ತಂದದ್ದು. ಮಳೆಗಾಲದ ತೇವ ತಾಗಬಾರದೆಂದು ಅಮ್ಮ ಅದನ್ನು ರೇಷ್ಮೆ ಸೀರೆಗಳ ಜೊತೆ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಚೆಂಡು ಹೆಕ್ಕುವ ಹುಡುಗರು ಅದನ್ನು ಮುಟ್ಟುವುದು ನಾವು ಬೆವರು ಒರೆಸಿಕೊಳ್ಳುವಾಗ ಹಿಡಿದುಕೊಂಡು ನಿಲ್ಲುವುದಕ್ಕೆ ಮಾತ್ರ. ಸದಸ್ಯರು ಹೋದ ಮೇಲೆ, ಕತ್ತಲಾಗುವ ಮುನ್ನ ಸಿಗುತ್ತಿದ್ದ ಸ್ವಲ್ಪ ಹೊತ್ತಿನಲ್ಲಿ, ಅವರು ಹಿಂದಿನ ಮುರಕಲ್ಲಿನ ಗೋಡೆಗೆ ಸವೆದ ಚೆಂಡು ಹೊಡೆಯುತ್ತಿದ್ದರು. ಕೈಯಲ್ಲಿರುತ್ತಿದ್ದದ್ದು ತೆಂಗಿನ ಗರಿಯ ಬುಡವಾದ ಕೊತ್ತಳಿಗೆ ಕಡಿದು ಮಾಡಿದ ಬ್ಯಾಟು. ಮಗಳಿಗೆ ಇದನ್ನೇ ಹೇಳಿದೆ. ಕೊತ್ತಳಿಗೆ ಎಂದರೇನೆಂದು ಕೇಳಿದಾಗ ಕೈಯಲ್ಲಿದ್ದ ಪ್ಯಾಡಲ್ ತೋರಿಸಿ, ತಂತಿಯಿಲ್ಲದ, ಚಪ್ಪಟೆಯಾದ, ಇದರಂಥದ್ದೇ ಒಂದು ವಸ್ತು ಎಂದೆ. ನಾನು ಈ ವಯಸ್ಸಿನಲ್ಲಿ ಕಲಿಯಲು ಹೆಣಗುತ್ತಿರುವ ಮೃದು ಹೊಡೆತ ಆ ಹುಡುಗರಿಗೆ ಹತ್ತನೆಯ ವಯಸ್ಸಿಗೇ ಬಂದಿತ್ತು. ಬಿರುಸಾಗಿ ಹೊಡೆದರೆ ಚೆಂಡು ಗೋಡೆ ದಾಟಿ ಹೋಗುತ್ತಿತ್ತು, ಹುಡುಕಿ ತರಬೇಕಾದವರೂ ಅವರೇ.

ಕೊನೆಗೆ ನಾನು ಕೊಂಡದ್ದು 16 ಮಿಲಿಮೀಟರ್ ದಪ್ಪದ, 225 ಗ್ರಾಂ ತೂಕದ, ಕಾರ್ಬನ್ ಮೈಯ ಪ್ಯಾಡಲ್. ಉದ್ದ ಮತ್ತು ಅಗಲ ಸೇರಿ 24 ಇಂಚು ಮೀರಬಾರದೆಂಬ ನಿಯಮವಿರುವುದರಿಂದ ಉದ್ದ ಹೆಚ್ಚಿದಷ್ಟೂ ಮೈ ಕಿರಿದಾಗುತ್ತದೆ. ನಾನು ಹದವಾದ ಆಕಾರವನ್ನೇ ಆರಿಸಿದೆ. ಎರಡು ಕೈಯ ಬ್ಯಾಕ್‌ಹ್ಯಾಂಡ್ ಬಿಡಲು ಮನಸ್ಸಾಗದೆ ಐದೂವರೆ ಇಂಚು ಉದ್ದದ ಹಿಡಿಯೇ ಬೇಕೆಂದೆ. ಹಿಡಿಯ ಸುತ್ತಳತೆ ಟೆನಿಸ್ ರಾಕೆಟ್ಟಿನದಕ್ಕಿಂತ ಸಣ್ಣದಿರಲಿ ಎಂಬುದು ಶಿಕ್ಷಕಿಯ ಸಲಹೆ. ಮೇಲೆ ಪಟ್ಟಿ ಸುತ್ತಿ ಹಿಗ್ಗಿಸಬಹುದು, ಕುಗ್ಗಿಸುವುದು ಕಷ್ಟ. ತೂಕದ ಮಾತೂ ಹಾಗೆಯೇ, ಬೇಕಾದರೆ ಅಂಚಿಗೆ ಸೀಸದ ಪಟ್ಟಿ ಅಂಟಿಸಿದರಾಯಿತು.

ಅಷ್ಟರಲ್ಲಿ ಕ್ಲಬ್ಬಿನ ಹಳೆಯ ಗೆಳೆಯನಿಂದ ಸಂದೇಶ ಬಂತು. ಅಲ್ಲಿಯೂ ಪಿಕಲ್‌ಬಾಲ್ ಅಂಕಣ ಮಾಡಿಸುತ್ತಾರಂತೆ, ಅತಿ ದುಬಾರಿ ಪ್ಯಾಡಲ್ ಯಾವುದೆಂದು ಅವನಿಗೆ ತಿಳಿಯಬೇಕಿತ್ತು. ಒಂದು ದುಬಾರಿ ಪ್ಯಾಡಲ್‌ನ ಬೆಲೆಗೆ ಸಾಧಾರಣ ದರ್ಜೆಯವು ನಾಲ್ಕು ಸಿಗುತ್ತವೆ, ಎರಡನ್ನು ಬಂದವರಿಗೆಂದು ಬೇಲಿಯಲ್ಲಿಡಿ ಎಂದು ಬರೆದೆ. "ಸದಸ್ಯರಲ್ಲದವರನ್ನು ಒಳಗೆ ಬಿಡುವುದು ಯಾರು ಮಾರಾಯ?" ಎಂದು ಅವನ ಉತ್ತರ. ಹಾಗಾದರೆ ನಿಮ್ಮೂರಿನ ಯುವಕ ಮಂಡಲದವರನ್ನು ಕೇಳು, ಅವರ ಶಟಲ್ ಕೋರ್ಟಿನ ಅಳತೆ ಸರಿಯಾಗಿಯೇ ಇದೆ, ಬಲೆಯನ್ನು ನಡುವಿನಲ್ಲಿ 34 ಇಂಚಿಗೆ ಇಳಿಸಿದರೆ ಸಾಕು, ಆದರೆ ಮಣ್ಣಿನಲ್ಲಿ ಈ ಚೆಂಡು ಪುಟಿಯುವುದಿಲ್ಲವಾದ್ದರಿಂದ ಮಳೆ ಬಿಟ್ಟ ಮೇಲೆ ಶಾಲೆಯ ಸಿಮೆಂಟಿನ ಅಂಗಳದಲ್ಲಿ ಗೆರೆ ಎಳೆಯಲಿ ಎಂದು ತಿಳಿಸಿದ್ದೇನೆ.