ಕರುಳಿನ ಗುಳಿಯ ಮಾದರಿ: ಆರನೇ ವಾರ, ಮತ್ತೆ ಮೊದಲಿನಿಂದ

ನಾಲ್ಕು ವಾರ ಕೂತು ಮಾಡಿದ್ದ ಮಾದರಿಯನ್ನು ಈ ಭಾನುವಾರ ಕೆಡವಿದೆ. ಜೇಡಿಮಣ್ಣಿನ ಗುಳಿ, ತಳದಲ್ಲಿ ಸಣ್ಣ ಕೊಳವೆ, ಅದರಿಂದ ಮೇಲೇರುವ ಕೆಂಪು ನೀರು. ಕರುಳಿನ ಒಳಗೋಡೆಯ ಗುಳಿಗಳಲ್ಲಿ ವಿಂಟ್ ಎಂಬ ಸಂಕೇತ ಪ್ರೋಟೀನು ತಳದಲ್ಲಿ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಮಂಡ್ಯದವನಾದ ನಾನು ಅದನ್ನು ನಾಲೆಯೆಂದೇ ಭಾವಿಸಿದ್ದೆ: ತೂಬಿನ ಬಳಿ ಧಾರಾಳ, ಕೊನೆಯ ಭಾಗಕ್ಕೆ ತೊಟ್ಟು.

ವಿಂಟ್ ಹಾಗೆ ಹರಿಯುವುದಿಲ್ಲ. ನೆದರ್ಲೆಂಡ್ಸ್‌ನ ಜೀವವಿಜ್ಞಾನಿ ಹ್ಯಾನ್ಸ್ ಕ್ಲೆವರ್ಸ್ ಅವರ ತಂಡ 2016ರಲ್ಲಿ ಇಲಿಯ ಕರುಳಿನ ಕೋಶಗಳಿಂದ ಬೆಳೆಸಿದ ಪುಟ್ಟ ಅಂಗಕಗಳಲ್ಲಿ ಇದನ್ನು ತೋರಿಸಿತು. ತಳದಲ್ಲಿರುವ ಪ್ಯಾನೆತ್ ಎಂಬ ಬಗೆಯ ಕೋಶ ತನ್ನ ವಿಂಟನ್ನು ಮೈಗೆ ಮೈ ತಾಗಿರುವ ಕಾಂಡಕೋಶಕ್ಕೆ, ಅಂದರೆ ಒಡೆದು ಹೊಸ ಕೋಶಗಳನ್ನು ಹುಟ್ಟಿಸುತ್ತಲೇ ಇರುವ ಮೂಲ ಕೋಶಕ್ಕೆ, ಮಾತ್ರ ದಾಟಿಸುತ್ತದೆ. ಅದು ಆ ಕೋಶದ ಪೊರೆಗೆ ಅಂಟಿಕೊಳ್ಳುತ್ತದೆ. ಕೋಶ ಎರಡಾದಾಗ ವಿಂಟೂ ಎರಡು ಪಾಲಾಗುತ್ತದೆ. ನೀರಿನ ಸರದಿಯಲ್ಲ ಇದು, ತಾತನ ಗದ್ದೆಯ ಹಿಸ್ಸೆ! ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಹೊಸ ಮಾದರಿಗೆ ಮೈಸೂರಿನ ದೇವರಾಜ ಮಾರುಕಟ್ಟೆಯಿಂದ ಕೆಂಪು ರಂಗೋಲಿ ಪುಡಿ ತಂದೆ. ಅದನ್ನು ಬೆರೆಸಿ ಮೈದಾ ಹಿಟ್ಟಿನ ಉಂಡೆ ಮಾಡಿ, ಎರಡಾಗಿ ಮುರಿದು, ಪ್ರತಿ ತುಂಡಿಗೂ ಅಷ್ಟೇ ಬಿಳಿ ಹಿಟ್ಟು ಸೇರಿಸಿ ನಾದಿದೆ. ಹೀಗೆ ನಾಲ್ಕು ಸಲ ಮಾಡಿದರೆ ಬಣ್ಣ 16ರಲ್ಲಿ 1 ಪಾಲು. ಉಂಡೆಗಳನ್ನು ಗುಳಿಯ ಗೋಡೆಗೆ ಕೆಳಗಿನಿಂದ ಅಂಟಿಸುತ್ತಾ ಹೋದಾಗ ದಾಸವಾಳದ ಕೆಂಪು ತಾನಾಗಿಯೇ ತಿಳಿಗುಲಾಬಿಗೆ ಇಳಿಯಿತು. ಯಾವ ಕೊಳವೆಯೂ ಬೇಕಾಗಲಿಲ್ಲ. ಪ್ಯಾನೆತ್ ಕೋಶಕ್ಕೆ ತಾಗಿದ ಉಂಡೆಗಳಿಗೆ ಮಾತ್ರ ಪ್ರತಿ ಸಲವೂ ಪುಡಿ ಸವರುತ್ತೇನೆ. ಅವು ಕಾಂಡಕೋಶಗಳಾಗಿಯೇ ಉಳಿಯುತ್ತವೆ. ಜಾಗ ಸಾಲದೆ ಮೇಲಕ್ಕೆ ತಳ್ಳಲ್ಪಟ್ಟವು ಬೇರೆ ಕೆಲಸದ ಕೋಶಗಳಾಗಿ, ಇಲಿಯಲ್ಲಾದರೆ ಮೂರರಿಂದ ಐದು ದಿನದಲ್ಲಿ ಉದುರಿಹೋಗುತ್ತವೆ.

ತಳದಲ್ಲಿ ಈಗ 15 ಕಾಂಡಕೋಶಗಳನ್ನು ಇಟ್ಟಿದ್ದೇನೆ. ಇಲಿಯ ಸಣ್ಣ ಕರುಳಿನ ಒಂದು ಗುಳಿಯಲ್ಲಿ ಸುಮಾರು ಅಷ್ಟೇ ಇರುತ್ತವೆ. ಎಲ್‌ಜಿಆರ್5 ಎಂಬ ಜೀನ್ ಅವುಗಳ ಗುರುತೆಂದು ಗೊತ್ತಾದದ್ದು 2007ರಲ್ಲಿ.

ಪಕ್ಕದಲ್ಲಿ ಕೂತು ನಾದುತ್ತಿದ್ದ ಅಕ್ಕನ ಮಗಳು, “ಮಾವ, ಪ್ಯಾನೆತ್ ಕೋಶ ವಿಂಟ್ ಕೊಡದೇ ಹೋದರೆ ಗುಳಿ ಸತ್ತುಹೋಗುತ್ತದೆಯೇ?” ಎಂದು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ತಟ್ಟೆಯಲ್ಲಿ ಬೆಳೆಸಿದ ಅಂಗಕ ಬದುಕುವುದಿಲ್ಲ. ಜೀವಂತ ಇಲಿಯಲ್ಲಿ ಗುಳಿ ಉಳಿಯುತ್ತದೆ, ಏಕೆಂದರೆ ಹೊರಗಿನಿಂದ ಸುತ್ತುವರಿದ ಅಂಗಾಂಶವೂ ವಿಂಟ್ ಒದಗಿಸುತ್ತದೆ. ಹಾಗಾಗಿ ಗೋಡೆಯ ಹೊರಮೈಗೂ ಒಂದು ಕೆಂಪು ಪದರ ಬಳಿಯಬೇಕಾಯಿತು. ಅದನ್ನು ಅವಳೇ ಬಳಿದಳು.

ಮೇಲಿನಿಂದ ಕಾಂಡಕೋಶದ ಗುಣವನ್ನು ತಡೆಯುವ ಬಿಎಂಪಿ ಸಂಕೇತಕ್ಕೆ ನೀಲಿ ಪುಡಿ ಸಿದ್ಧವಿದೆ. ಕಷ್ಟವಿರುವುದು ನಾಚ್ ಸಂಕೇತದಲ್ಲಿ: ಅದು ಪಕ್ಕದ ಎರಡು ಕೋಶಗಳು ಪರಸ್ಪರ ಮುಟ್ಟಿದಾಗ ಮಾತ್ರ ನಡೆಯುವ ಮಾತು. ರವಿಕೆಯ ಹುಕ್ಕುಗಳನ್ನು ಉಂಡೆಗಳಿಗೆ ಚುಚ್ಚಿ ನೋಡಿದೆ, ಹಸಿ ಹಿಟ್ಟಿನಲ್ಲಿ ನಿಲ್ಲಲಿಲ್ಲ. ಮುಂದಿನ ವಾರ ಉಂಡೆಗಳನ್ನು ಅರ್ಧ ಒಣಗಿಸಿ ಚುಚ್ಚುತ್ತೇನೆ.