ಕಿಬ್ಬುಟ್ಜ್ ಎಂದರೆ ನಮ್ಮ ಕೂಡುಕುಟುಂಬವೇ ಅಲ್ಲವೇ?

ವೃದ್ಧರನ್ನು ನೋಡಿಕೊಳ್ಳುವ ಕೆಲಸಕ್ಕೆಂದು ಇಸ್ರೇಲಿಗೆ ಹೋಗಿ ಕೆಲವು ವರ್ಷ ದುಡಿದು ಮರಳಿದ ದಕ್ಷಿಣ ಕನ್ನಡ, ಉಡುಪಿಯ ಅನೇಕರಲ್ಲಿ ನಾನೂ ಒಬ್ಬಳು. ಅಲ್ಲಿನ ಮಾತು ಬಂದಾಗಲೆಲ್ಲ ನೆಂಟರು, ನೆರೆಯವರು ಒಂದೇ ಪ್ರಶ್ನೆ ಕೇಳುತ್ತಾರೆ: "ಅಲ್ಲಿನ ಕಿಬ್ಬುಟ್ಜ್ ಎಂಬ ಸಾಮುದಾಯಿಕ ಬೇಸಾಯದ ಊರಿನಲ್ಲಿ ಎಲ್ಲರೂ ಒಂದೇ ಕಡೆ ಉಣ್ಣುತ್ತಾರಂತೆ, ದುಡಿದದ್ದನ್ನೆಲ್ಲ ಒಂದೇ ಕಡೆ ಸೇರಿಸುತ್ತಾರಂತೆ. ಹಾಗಾದರೆ ಅದು ನಮ್ಮ ಹಳೆಯ ಕುಟುಂಬದ ಮನೆಯ ಹಾಗೆಯೇ ಅಲ್ಲವೇ?" ತಾಯಿಯ ಕಡೆಯಿಂದ ಆಸ್ತಿ ಸಾಗುವ ಅಳಿಯಸಂತಾನ ಪದ್ಧತಿಯ ದೊಡ್ಡ ಮನೆಯೊಂದರಲ್ಲಿ ಬೆಳೆದ ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಅದು ಹಾಗಲ್ಲ. ಏಕೆ ಅಲ್ಲ ಎಂಬುದನ್ನು, ಎಲ್ಲಕ್ಕಿಂತ ಮೊದಲು ಹುಟ್ಟಿದ ಕಿಬ್ಬುಟ್ಜ್ ಆದ ಡೆಗಾನಿಯಾದ ಕಥೆಯಿಂದಲೇ ಹೇಳಬೇಕು.

ಬೈಬಲ್ ಓದಿದವರಿಗೆ ಗಲಿಲಾಯ ಸಮುದ್ರದ ಹೆಸರು ಗೊತ್ತಿರುತ್ತದೆ. ಅದು ನಿಜವಾಗಿ ಸಿಹಿನೀರಿನ ಸರೋವರ, ಸಮುದ್ರಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗಿದೆ. ಅದರ ದಕ್ಷಿಣ ತುದಿಯಲ್ಲಿ, ಜೋರ್ಡನ್ ನದಿ ಸರೋವರದಿಂದ ಹೊರಗೆ ಹರಿಯುವ ಕಡೆ ಡೆಗಾನಿಯಾ ಇದೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅದು ತುರ್ಕರ ಆಳ್ವಿಕೆಯಲ್ಲಿದ್ದ, ಬೇಸಿಗೆಯಲ್ಲಿ ಬೆಂದುಹೋಗುವ, ಮಲೇರಿಯಾ ಬಿಡದೆ ಕಾಡುವ ನೆಲವಾಗಿತ್ತು. ಯಹೂದಿ ವಲಸಿಗರಿಗೆ ಕೃಷಿ ಕಲಿಸಲೆಂದು ಅಲ್ಲಿಯೇ ಸಮೀಪದಲ್ಲಿ 1908ರಲ್ಲಿ ಕಿನ್ನೆರೆತ್ ಎಂಬ ತರಬೇತಿ ತೋಟವೊಂದನ್ನು ತೆರೆಯಲಾಯಿತು. ಅದರ ಮೇಲ್ವಿಚಾರಕನಿಗೂ ರಷ್ಯಾದಿಂದ ಬಂದಿದ್ದ ಯುವ ಕೂಲಿಗಳಿಗೂ ಹೊಂದಿಕೆಯಾಗದೆ, 1909ರಲ್ಲಿ ಕೂಲಿಗಳು ಮುಷ್ಕರ ಹೂಡಿದರು. ಯಹೂದಿಗಳನ್ನು ಅಲ್ಲಿ ನೆಲೆಗೊಳಿಸುವ ಕೆಲಸ ನೋಡುತ್ತಿದ್ದ, ಜಾಫಾದಲ್ಲಿನ ಪ್ಯಾಲೆಸ್ಟೈನ್ ಕಚೇರಿಯ ಮುಖ್ಯಸ್ಥ ಆರ್ಥರ್ ರೂಪಿನ್ ಅವರು ಆಗ ಒಂದು ಪ್ರಯೋಗಕ್ಕೆ ಒಪ್ಪಿದರು. ನದಿಯ ಆಚೆ ದಡದ ಉಮ್ಮ್ ಜುನಿ ಎಂಬಲ್ಲಿನ ಜಮೀನನ್ನು ಮೇಲ್ವಿಚಾರಕನಿಲ್ಲದೆಯೇ ಒಂದು ವರ್ಷ ಸಾಗುವಳಿ ಮಾಡಲು ಸಣ್ಣದೊಂದು ಗುಂಪಿಗೆ ಬಿಟ್ಟುಕೊಟ್ಟರು. ವರ್ಷದ ಕೊನೆಗೆ ಲೆಕ್ಕ ನೋಡಿದಾಗ ಲಾಭವೇ ಬಂದಿತ್ತು.

ಆ ಗುಂಪು ಚದುರಿಹೋದ ಮೇಲೆ, 1910ರ ಅಕ್ಟೋಬರ್ 28ರಂದು ಹತ್ತು ಗಂಡಸರು ಮತ್ತು ಇಬ್ಬರು ಹೆಂಗಸರ ಇನ್ನೊಂದು ಗುಂಪು ಅಲ್ಲಿಗೆ ಬಂದು, ಅರಬ್ ರೈತರ ಮಣ್ಣಿನ ಗುಡಿಸಲುಗಳಲ್ಲಿ ನೆಲೆಸಿತು. ಅದೇ ಡೆಗಾನಿಯಾದ ಹುಟ್ಟು. 'ದಗಾನ್' ಎಂದರೆ ಹೀಬ್ರೂ ಭಾಷೆಯಲ್ಲಿ ಧಾನ್ಯ. ಊರಿನ ಹೆಸರು ಆ ಮಾತಿನಿಂದಲೇ ಬಂದದ್ದು.

ನಮ್ಮ ಕುಟುಂಬದ ಮನೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ನಮ್ಮಲ್ಲಿ ಹುಟ್ಟಿದ ಮಾತ್ರಕ್ಕೆ ಹಕ್ಕು ಬರುತ್ತದೆ, ತಾಯಿಯ ಬಳಿಯಿಂದ ಬರುತ್ತದೆ, ಮತ್ತು ಮನೆಯನ್ನು ನಡೆಸಲು ಯಜಮಾನನೋ ಯಜಮಾನಿಯೋ ಇರುತ್ತಾರೆ. ಡೆಗಾನಿಯಾದ ಹನ್ನೆರಡು ಮಂದಿಯಾದರೋ ತಂದೆತಾಯಿಗಳನ್ನೂ ಊರನ್ನೂ ಬಿಟ್ಟುಬಂದ, ಇಪ್ಪತ್ತರ ಆಸುಪಾಸಿನ ಯುವಜನರು. ಅವರನ್ನು ಒಂದುಗೂಡಿಸಿದ್ದು ರಕ್ತಸಂಬಂಧವಲ್ಲ, ಯಜಮಾನನೇ ಇರಕೂಡದು ಎಂಬ ಹಟ. ಜಮೀನು ಕೂಡ ಅವರದಾಗಿರಲಿಲ್ಲ. ಅದು ಯಹೂದಿಗಳ ನೆಲೆಗಾಗಿ ಜಮೀನು ಕೊಳ್ಳುತ್ತಿದ್ದ ಯಹೂದಿ ರಾಷ್ಟ್ರೀಯ ನಿಧಿಯ ಒಡೆತನದಲ್ಲಿದ್ದು, ಅವರಿಗೆ ಉಳುಮೆಯ ಹಕ್ಕು ಮಾತ್ರ ಇತ್ತು. ಹೀಗಾಗಿ ಅಲ್ಲಿ ಪಾಲು ಕೇಳಲು ಏನೂ ಇರಲಿಲ್ಲ.

ಹಾಗೆಂದು ಎಲ್ಲರೂ ಸಮಾನರು ಎಂಬ ಮಾತು ಮೊದಲ ದಿನದಿಂದಲೇ ನಡೆಗೆ ಬಂತು ಎಂದುಕೊಳ್ಳಬಾರದು. ಬಂದ ಹೆಂಗಸರ ಪಾಲಿಗೆ ಸಿಕ್ಕಿದ್ದು ಅಡುಗೆ ಮತ್ತು ಬಟ್ಟೆ ಒಗೆಯುವ ಕೆಲಸ. ಮಿರಿಯಂ ಬರಾತ್ಸ್ ಎಂಬಾಕೆ ಅದನ್ನು ಒಪ್ಪಲಿಲ್ಲ. ಹಸುಗಳ ಕೆಲಸ ತನಗೆ ಬೇಕೆಂದು ಕೇಳಿ, ಕೊಡದಿದ್ದಾಗ ನೆರೆಯ ಅರಬ್ ಹೆಂಗಸರಿಂದ ಹಾಲು ಕರೆಯುವುದನ್ನು ಗುಟ್ಟಾಗಿ ಕಲಿತು, ಕೊನೆಗೆ ಕೊಟ್ಟಿಗೆಯನ್ನು ತನ್ನ ಕೈಗೆ ತೆಗೆದುಕೊಂಡರು ಎಂದು ಅಲ್ಲಿ ಹೇಳುತ್ತಾರೆ. 1912ರಲ್ಲಿ ಅವರಿಗೂ ಯೋಸೆಫ್ ಬರಾತ್ಸ್ ಅವರಿಗೂ ನಡೆದದ್ದು ಡೆಗಾನಿಯಾದ ಮೊದಲ ಮದುವೆ. 1913ರಲ್ಲಿ ಹುಟ್ಟಿದ ಅವರ ಮಗ ಗಿಡಿಯೋನ್ ಅಲ್ಲಿನ ಮೊದಲ ಮಗು. ಮಗು ಹುಟ್ಟಿದ ಕೂಡಲೇ, ಅದನ್ನು ಸಾಕುವ ಖರ್ಚು ಯಾರದು, ತಾಯಿ ಹೊರಗೆ ದುಡಿಯುವುದು ಹೇಗೆ ಎಂಬ ಪ್ರಶ್ನೆಗಳು ಎದ್ದವು. ನಮ್ಮ ಮನೆಯಲ್ಲಾದರೆ ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ ಇರುತ್ತಿದ್ದರು. ಅಲ್ಲಿ ಅಜ್ಜಿಯರೇ ಇರಲಿಲ್ಲ. ಮಕ್ಕಳ ಖರ್ಚು ಇಡೀ ಸಮುದಾಯದ್ದು, ಅವರನ್ನು ನೋಡಿಕೊಳ್ಳುವುದೂ ಸಮುದಾಯದ ಕೆಲಸಗಳಲ್ಲಿ ಒಂದು ಎಂಬ ತೀರ್ಮಾನಕ್ಕೆ ಅವರು ಬಂದರು. ಮುಂದೆ ಇಸ್ರೇಲಿನ ಸೇನಾ ದಂಡನಾಯಕನಾಗಿ ಹೆಸರಾದ ಮೋಶೆ ದಯಾನ್ ಕೂಡ ಅದೇ ಅಂಗಳದಲ್ಲಿ 1915ರಲ್ಲಿ ಹುಟ್ಟಿದವರು.

ಆ ಅಂಗಳ ಈಗಲೂ ಇದೆ. ಉಮ್ಮ್ ಜುನಿಯ ಗುಡಿಸಲುಗಳನ್ನು ಬಿಟ್ಟು 1912ರಲ್ಲಿ ಗುಂಪು ಈಗಿನ ಜಾಗಕ್ಕೆ ಬಂದಾಗ, ವಾಸದ ಮನೆ, ಕೊಟ್ಟಿಗೆ, ಕಣಜಗಳು ನಡುವಿನ ಬಯಲನ್ನು ಸುತ್ತುವರಿಯುವಂತೆ ಕಟ್ಟಲಾಯಿತು. ಅದನ್ನು ನೋಡಿದಾಗ ನಮ್ಮ ಕಡೆಯ ಗುತ್ತಿನ ಮನೆಗಳ, ಅಂದರೆ ಹಳೆಯ ಜಮೀನ್ದಾರಿ ಮನೆತನದ ದೊಡ್ಡ ಮನೆಗಳ, ಅಂಗಳ ನನಗೆ ನೆನಪಾದದ್ದು ನಿಜ. ಆದರೆ ಗುತ್ತಿನ ಮನೆಯಲ್ಲಿ ಯಜಮಾನ ಕೂರುವ ಜಾಗವೆಂದು ಒಂದಿರುತ್ತದೆ. ಇಲ್ಲಿ ಅಂಥ ಜಾಗ ಎಲ್ಲಿಯೂ ಕಾಣಲಿಲ್ಲ.

ಅಲ್ಲಿಂದ ಸ್ವಲ್ಪ ನಡೆದರೆ ಬೇತ್ ಗೋರ್ಡನ್, ಅಂದರೆ ಗೋರ್ಡನ್ ಮನೆ, ಸಿಗುತ್ತದೆ. ಆರೊನ್ ಡೇವಿಡ್ ಗೋರ್ಡನ್ ಅವರು ರಷ್ಯಾದಲ್ಲಿ ಗುಮಾಸ್ತಿಕೆ ಬಿಟ್ಟು, ಐವತ್ತರ ಹತ್ತಿರದ ವಯಸ್ಸಿನಲ್ಲಿ ಪ್ಯಾಲೆಸ್ಟೈನಿಗೆ ಬಂದು, ಗುದ್ದಲಿ ಹಿಡಿದು ದುಡಿದವರು. ಮೈಮುರಿದು ಮಾಡುವ ದುಡಿಮೆಯೇ ಮನುಷ್ಯನನ್ನು ನೆಲದೊಂದಿಗೆ ಬೆಸೆಯುತ್ತದೆ ಎಂದು ನಂಬಿದ್ದವರು. 1922ರಲ್ಲಿ ಡೆಗಾನಿಯಾದಲ್ಲಿಯೇ ತೀರಿಕೊಂಡರು. ಅವರ ನೆನಪಿನ ಕಟ್ಟಡ ಈಗ ಪ್ರಕೃತಿ ಮತ್ತು ಪುರಾತತ್ತ್ವದ ಸಂಗ್ರಹಾಲಯವಾಗಿದೆ.

ಬಂದವರೆಲ್ಲ ಮೊದಲು ಫೋಟೋ ತೆಗೆಯುವುದು ದ್ವಾರದ ಬಳಿ ನಿಂತಿರುವ ಫ್ರೆಂಚ್ ತಯಾರಿಕೆಯ ಸಣ್ಣ ಟ್ಯಾಂಕನ್ನು. 1948ರ ಮೇ 20ರಂದು ಸಿರಿಯಾದ ಸೇನೆ ಡೆಗಾನಿಯಾದ ಮೇಲೆ ನುಗ್ಗಿದಾಗ ಕೆಟ್ಟು ನಿಂತ ಟ್ಯಾಂಕ್ ಅದು. ಅದನ್ನು ತಡೆದವರು ಯಾರು ಎಂಬ ವಾದ ದಶಕಗಳ ಕಾಲ ನಡೆಯಿತು. ಆ ಟ್ಯಾಂಕಿನ ಜೊತೆಗೆ ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು ಎಂಬುದು ನನ್ನ ಅಭಿಪ್ರಾಯ. ಪಕ್ಕದಲ್ಲಿಯೇ ಸಮಖ್ ಎಂಬ ಅರಬ್ ಊರಿತ್ತು, ಹೈಫಾದಿಂದ ಬರುವ ರೈಲು ಅಲ್ಲಿ ನಿಲ್ಲುತ್ತಿತ್ತು. 1948ರ ಯುದ್ಧದಲ್ಲಿ ಅಲ್ಲಿನ ಜನ ಮನೆಮಠ ಬಿಟ್ಟು ಹೋದರು, ಮತ್ತೆ ಮರಳಲಾಗಲಿಲ್ಲ. ಒಂದು ಊರಿನ ಸ್ಮಾರಕವನ್ನು ನೋಡುವವರು ಇಲ್ಲದಾದ ಇನ್ನೊಂದು ಊರನ್ನು ಮರೆಯಬಾರದು. ಆ ರೈಲುದಾರಿಯ ಇನ್ನೊಂದು ತುದಿಯಾದ ಹೈಫಾವನ್ನು 1918ರ ಸೆಪ್ಟೆಂಬರ್ 23ರಂದು ತುರ್ಕರಿಂದ ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆಯೂ ಇತ್ತು ಎಂಬುದನ್ನು ನಾನು ತಿಳಿದದ್ದು ಅಲ್ಲಿಗೆ ಹೋದ ಮೇಲೆಯೇ.

ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಟ್ಯಾಂಕಲ್ಲ, ಸರೋವರದ ದಡದಲ್ಲಿರುವ ಕಿನ್ನೆರೆತ್ ಸ್ಮಶಾನ. ಕವಯಿತ್ರಿ ರಾಹೆಲ್ ಅವರ ಸಮಾಧಿ ಅಲ್ಲಿದೆ. ಯೌವನದಲ್ಲಿ ಕಿನ್ನೆರೆತ್ ತೋಟದಲ್ಲಿ ದುಡಿದಿದ್ದ ಆಕೆ, ಕೃಷಿ ಓದಲು ಫ್ರಾನ್ಸಿಗೆ ಹೋಗಿ, ಮಹಾಯುದ್ಧದಿಂದಾಗಿ ರಷ್ಯಾದಲ್ಲಿ ಸಿಕ್ಕಿಬಿದ್ದು, ಅಲ್ಲಿ ಕ್ಷಯ ಅಂಟಿಸಿಕೊಂಡು, 1919ರಲ್ಲಿ ಮರಳಿ ಡೆಗಾನಿಯಾ ಸೇರಿದರು. ರೋಗ ಮಕ್ಕಳಿಗೆ ಹರಡೀತೆಂಬ ಭಯದಿಂದ ಅಲ್ಲಿನವರು ಆಕೆಯನ್ನು ಹೊರಟುಹೋಗಲು ಹೇಳಿದರು. 1931ರಲ್ಲಿ, ನಲವತ್ತು ವರ್ಷವಾದಾಗ, ತೀರಿಕೊಂಡರು. ಈಗ ಇಸ್ರೇಲಿನ ಇಪ್ಪತ್ತು ಶೆಕೆಲ್ ನೋಟಿನ ಮೇಲೆ ಆಕೆಯ ಮುಖವಿದೆ. ಔಷಧವಿಲ್ಲದ ಆ ಕಾಲದ ಭಯವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಆದರೂ, ಕೂಡುಕುಟುಂಬದಲ್ಲಿ ಎಷ್ಟೇ ಜಗಳವಿದ್ದರೂ ಕಾಯಿಲೆಯವಳಿಗೆ ಹಿಂದಿನ ಕೋಣೆಯೊಂದನ್ನಾದರೂ ಬಿಟ್ಟುಕೊಡುತ್ತಿದ್ದರು. ಒಪ್ಪಂದದಿಂದ ಕಟ್ಟಿದ ಮನೆಯಲ್ಲಿ ಹುಟ್ಟಿನ ಹಕ್ಕು ಎಂಬುದಿಲ್ಲ.

"ಈಗಲೂ ಎಲ್ಲರಿಗೂ ಸಮಪಾಲೇ?" ಎಂದು ಕೇಳುವವರಿಗೆ ಇಷ್ಟು ಹೇಳಬಹುದು. ನಮ್ಮ ಕುಟುಂಬಗಳಲ್ಲಿ ಕವರುಗಳ, ಅಂದರೆ ಒಬ್ಬ ಹೆಣ್ಣಿನಿಂದ ಬಂದ ಕವಲುಗಳ, ಪ್ರಕಾರ ಪಾಲಾಗಲು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ದಾರಿ ಮಾಡಿಕೊಟ್ಟಿತು; ಮನೆ, ಗದ್ದೆ, ತೋಟಗಳೆಲ್ಲ ಹಂಚಿಹೋದವು. ಡೆಗಾನಿಯಾದಲ್ಲಿ ಬದಲಾವಣೆ ಬಂದದ್ದು 2007ರಲ್ಲಿ, ಅದೂ ಸದಸ್ಯರೇ ಮತ ಹಾಕಿ ತಂದದ್ದು. ಅಂದಿನಿಂದ ಪ್ರತಿಯೊಬ್ಬರ ಸಂಬಳ ಅವರವರ ಕೆಲಸಕ್ಕೆ ತಕ್ಕಂತೆ ಅವರವರ ಕೈಗೇ ಬರುತ್ತದೆ, ಕೈಲಾಗದವರನ್ನು ನೋಡಿಕೊಳ್ಳಲು ಎಲ್ಲರೂ ಒಂದಷ್ಟು ಕೊಡುತ್ತಾರೆ. ಹಂಚಿಹೋದದ್ದು ದುಡಿಮೆಯ ಹಣ. ಜೋರ್ಡನ್ ದಡದ ಹೊಲಗಳು ಮಾತ್ರ ಇಂದಿಗೂ ಯಾವ ಮನೆಯವರ ಹೆಸರಿಗೂ ಪಾಲಾಗಿಲ್ಲ.