ಸೊಪ್ಪು ಹೇಗಪ್ಪ ತಾಗುತ್ತೆ?

"ಅಷ್ಟು ದೂರ ನಿಂತ್ಕೊಂಡ್ರೆ ಸೊಪ್ಪು ಬೆಂಕಿಗೆ ಹೇಗಪ್ಪ ತಾಗುತ್ತೆ?"

ಭಾನುವಾರ ಮಾವ ಕೇಳಿದ ಮಾತು. ಇವತ್ತು ಗುರುವಾರ. ಇನ್ನೂ ತಲೆಯಿಂದ ಹೋಗಿಲ್ಲ.

ಮಾವ ಗುಂಡ್ಲುಪೇಟೆ ಕಡೆಯವರು. ಬೇಸಿಗೆಯಲ್ಲಿ ಫೈರ್ ವಾಚರ್ ಕೂಲಿಗೆ ಕಾಡಿಗೆ ಹೋಗುತ್ತಾರೆ; ಬೆಂಕಿ ಬಿದ್ದರೆ ಹಸಿ ಸೊಪ್ಪಿನಿಂದ ಬಡಿದು ಆರಿಸುವ ಕೆಲಸ. ನಾನು ಬೆಂಗಳೂರಿನಲ್ಲಿ ಎಸಿ ಕೆಳಗೆ ಕೂತು ಮ್ಯಾಪ್ ಮಾಡುವವನು. ಸ್ವಲ್ಪ ಜಂಬದಿಂದಲೇ ಲ್ಯಾಪ್‌ಟಾಪ್ ತೆಗೆದೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರೂ ಅಲ್ಲಿನ ಫಾರೆಸ್ಟ್ ಸರ್ವಿಸ್‌ನವರೂ ಸೇರಿ ಮಾಡಿದ ಟೂಲ್ ಅದು. ಒಂದು ಬಯಲಿನ ಸುತ್ತ ಗೆರೆ ಎಳೆದು, ಗಾಳಿ ಎಷ್ಟು, ಬೆಂಕಿ ಎಷ್ಟು ಜೋರು ಅಂತ ಆರಿಸಬೇಕು. ಸುತ್ತಲಿನ ಗಿಡಮರದ ಎತ್ತರ, ನೆಲದ ಇಳಿಜಾರು ಎಲ್ಲಾ ನೋಡಿ, ಒಳಗೆ ಎಲ್ಲಿ ನಿಂತರೆ ಜೀವ ಉಳಿಯುತ್ತೆ ಅಂತ ಬಣ್ಣದಲ್ಲಿ ತೋರಿಸುತ್ತದೆ.

ಬೆಂಕಿಯಿಂದ ಎಷ್ಟು ದೂರ ನಿಂತರೆ ಸುರಕ್ಷಿತ ಅನ್ನುವುದಕ್ಕೆ 1998ರ ಲೆಕ್ಕ ಸುಲಭವಿತ್ತು: ಜ್ವಾಲೆಯ ಎತ್ತರದ ನಾಲ್ಕು ಪಟ್ಟು ದೂರ. ಆದರೆ ಅದು ಸಮತಟ್ಟು ನೆಲಕ್ಕೆ, ಗಾಳಿ ಇಲ್ಲದಾಗ. ಇನ್ನೂ ಬರದ ಬೆಂಕಿಯ ಜ್ವಾಲೆಯನ್ನು ಯಾರು ಅಳೆಯುತ್ತಾರೆ? ಅದಕ್ಕೇ ಈಗ ಗಿಡದ ಎತ್ತರದ ಎಂಟು ಪಟ್ಟು. ಎರಡು ಮೀಟರ್ ಲಂಟಾನಕ್ಕೆ 16 ಮೀಟರ್. ಗಾಳಿ, ಇಳಿಜಾರು ಸೇರಿದರೆ ಇನ್ನೂ ಜಾಸ್ತಿ.

ಆಗಲೇ ಮಾವ ಕೇಳಿದ್ದು. ನಾನು ನಕ್ಕೆ, ಅತ್ತೆಯೂ ನಕ್ಕರು. ಮಾವ ನಗಲಿಲ್ಲ. ಅವರ ಕೈಯಲ್ಲಿರುವುದು ಹಸಿ ಸೊಪ್ಪು, ಕಾಲಲ್ಲಿ ಹವಾಯಿ ಚಪ್ಪಲಿ. 2017ರಲ್ಲಿ ಬಂಡೀಪುರದ ಬೆಂಕಿಯಲ್ಲಿ ಒಬ್ಬ ಗಾರ್ಡ್ ಸತ್ತಾಗ ಎರಡು ದಿನ ಊಟ ಬಿಟ್ಟ ಮನುಷ್ಯ.

"ಅದು ಬಡಿಯೋಕೆ ನಿಲ್ಲೋ ದೂರ ಅಲ್ಲ ಮಾವ, ಓಡಿ ಹೋಗಿ ನಿಲ್ಲೋ ಜಾಗ" ಅಂದೆ.

"ಹಂಗಂತ ಮೊದಲೇ ಹೇಳಬಾರದಾ? ಸುಟ್ಟ ನೆಲ ಅನ್ನು."

ಮತ್ತೆ ಉರಿಯಲು ಏನೂ ಉಳಿದಿರದ ಜಾಗ. ನಾನು ಅರ್ಧ ಗಂಟೆ ಹೇಳಿದ್ದನ್ನು ಎರಡು ಪದದಲ್ಲಿ ಮುಗಿಸಿದರು. ಅರಿಜೋನಾದ ಯಾರ್ನೆಲ್ ಹಿಲ್ ಬೆಂಕಿಯ ಕತೆ ಹೇಳಿದೆ. 2013ರ ಜೂನ್ 30. ಬೆಂಕಿ ಆರಿಸುವ ತಂಡ ಮೊದಲು ಸುಟ್ಟ ನೆಲದಲ್ಲೇ ಇತ್ತು. ಅದನ್ನು ಬಿಟ್ಟು ಒಂದು ರಾಂಚ್ ಕಡೆ ಇಳಿಯಿತು. ಗಾಳಿ ತಿರುಗಿತ್ತು. 19 ಜನ ಹೋದರು.

"ಯಾಕೆ ಇಳಿದ್ರು?"

ಆ ದಾರಿ ಹಿಡಿದವರಲ್ಲಿ ಹೇಳಲು ಯಾರೂ ಉಳಿಯಲಿಲ್ಲ.

ಆಮೇಲೆ "ನಮ್ಮ ಕಾಡು ತೋರಿಸು" ಅಂದರು. ಆ ಟೂಲ್‌ನಲ್ಲಿ ಗಿಡಗಳ ಎತ್ತರದ ಮಾಹಿತಿ ಇರುವುದು ಅಮೆರಿಕದ್ದು ಮಾತ್ರ. ನಮ್ಮ ಕಡೆ ಸ್ಯಾಟಲೈಟ್ ನೋಡಿ ಬೆಂಕಿ ಬಿದ್ದಿದೆ ಅಂತ ಮೊಬೈಲ್‌ಗೆ ಸಂದೇಶವೇನೋ ಬರುತ್ತದೆ. ಒಳ್ಳೆಯದೇ. ಆದರೆ ಅದರ ಒಂದು ಚುಕ್ಕೆಯೇ 375 ಮೀಟರ್ ಅಗಲ. ಆ ಚುಕ್ಕೆಯೊಳಗೆ ಮಾವ ಎಲ್ಲಿ?

ಸೋಮವಾರ ಆಫೀಸಿನಲ್ಲಿ ಹೇಳಿದರೆ ಪಕ್ಕದ ಸೀಟಿನವನು "ಡ್ರೋನ್ ಹಾರಿಸಿದ್ರೆ ಆಯ್ತಲ್ವಾ" ಅಂದ. ಅವನಿಗೆ ಎಲ್ಲದಕ್ಕೂ ಡ್ರೋನ್. ಒಂದು ಜೊತೆ ಬೂಟ್ ಅಂತ ಅವನಿಗೂ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ, ಭಾನುವಾರದವರೆಗೆ ನನಗೂ ಹೊಳೆದಿರಲಿಲ್ಲ.

ಬಸ್ ಹತ್ತಿಸಲು ಬಂದ ಮಾವ ಸುಮ್ನೆ ಕೇಳಿದರು: "ಗಾಳಿ ತಿರುಗೋದು ನಿನ್ನ ಆ ಮ್ಯಾಪ್‌ಗೆ ಮೊದಲೇ ಗೊತ್ತಾಗುತ್ತಾ?"

"ಇಲ್ಲ ಮಾವ. ಗಾಳಿ ಎಷ್ಟು ಅಂತ ನಾವೇ ಹಾಕಬೇಕು."

"ಹಂಗಾದ್ರೆ ಅದೂ ನನ್ನನ್ನೇ ಕೇಳಬೇಕು."